ಕಂದಿನೊಳಗೆ ಕಂದು ಹುಡುಕುವ ಕೆಲಸ

ಪಾರ್ಕಿನ್ಸನ್ ಕಾಯಿಲೆ ಎಂದು ಬರೆದ, ತೀರಿಕೊಂಡವರ ಮಿದುಳು ಲ್ಯಾಬಿಗೆ ಬಂದರೆ ನನ್ನ ಮೊದಲ ನೋಟ ಬರಿಗಣ್ಣಿನದು. ಎರಡು ಮೂರು ವಾರ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮಧ್ಯಮಿದುಳನ್ನು ಅಡ್ಡ ಕೊಯ್ದಾಗ ಎರಡೂ ಬದಿ ಕಪ್ಪು ಪಟ್ಟಿ ಎದ್ದು ಕಾಣಬೇಕು. ಅದೇ ಸಬ್‌ಸ್ಟಾನ್ಶಿಯಾ ನೈಗ್ರಾ. ಈ ಕಾಯಿಲೆಯಲ್ಲಿ ಅದು ಮಾಸಿರುತ್ತದೆ. ಪಾರ್ಕಿನ್ಸನ್ನಿನಂತೆಯೇ ಕಾಣುವ ಪಿಎಸ್‌ಪಿ (ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ), ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ) ಕಾಯಿಲೆಗಳಲ್ಲೂ ಮಾಸುತ್ತದೆ, ಹಾಗಾಗಿ ಅಲ್ಲೇ ಹೆಸರಿಡುವವರನ್ನು ಕಂಡರೆ ನನಗೆ ಸಿಟ್ಟು.

ಆಮೇಲೆ ಮೈಕ್ರೋಸ್ಕೋಪು: ಐದು ಮೈಕ್ರಾನ್ ದಪ್ಪದ ಸೆಕ್ಷನ್, ಹೆಚ್ ಅಂಡ್ ಇ ಎಂಬ ಮಾಮೂಲಿ ನೀಲಿ-ಗುಲಾಬಿ ಬಣ್ಣ, ಚಿಕ್ಕ ಲೆನ್ಸು. ಇಲ್ಲಿ ಮೊದಲು ನೋಡುವುದು ಏನಿದೆ ಎಂದಲ್ಲ, ಏನು ಹೋಗಿದೆ ಎಂದು. ವಯಸ್ಸಿಗೆ ಸಾಯುವ ಕೋಶಗಳು ಹೆಚ್ಚಾಗಿ ಮೇಲಿನ ಸಾಲಿನವು. ಪಾರ್ಕಿನ್ಸನ್ ಮೊದಲು ಕೈಹಾಕುವುದು ಕೆಳಗಿನ ಹೊರ ಅಂಚಿಗೆ. ಸತ್ತ ಕೋಶಗಳ ಮೆಲನಿನ್ (ಆ ಪಟ್ಟಿಗೆ ಕಪ್ಪು ಕೊಡುವ ಬಣ್ಣ) ಪುಡಿಯಾಗಿ ಹೊರಗೆ ಚೆಲ್ಲಿರುತ್ತದೆ, ಕೆಲವೊಮ್ಮೆ ಮ್ಯಾಕ್ರೋಫೇಜ್ ಎಂಬ ಕಸ ಬಳಿಯುವ ಕೋಶಗಳು ಅದನ್ನು ನುಂಗಿ ಕೂತಿರುತ್ತವೆ. ಉಳಿದ ಕೋಶಗಳಲ್ಲಿ ತಿಳಿ ಅಂಚಿನ ಗುಲಾಬಿ ಉಂಡೆ ಕಂಡರೆ ಅದು ಲೆವಿ ಬಾಡಿ, ಪಾರ್ಕಿನ್ಸನ್ನಿನ ಗುರುತು. ನರವೈದ್ಯ ಫ್ರಿಟ್ಜ್ ಲೆವಿ ಇವನ್ನು 1912ರಲ್ಲಿ ವರ್ಣಿಸಿದ್ದು ನೈಗ್ರಾದಲ್ಲಲ್ಲ. ನೈಗ್ರಾದಲ್ಲಿ ಗುರುತಿಸಿ ಅವರ ಹೆಸರಿಟ್ಟವರು ಟ್ರೆಟಿಯಾಕಾಫ್, 1919ರಲ್ಲಿ.

ತೊಡಕು ಶುರುವಾಗುವುದು ಲೆವಿ ಬಾಡಿಯ ಮುಖ್ಯ ಪ್ರೋಟೀನಾದ ಆಲ್ಫಾ-ಸಿನ್ಯೂಕ್ಲಿನ್ ಅನ್ನು ಹಿಡಿಯುವ ಆಂಟಿಬಾಡಿ ಹಾಕಿದ ಮೇಲೆ. ಫಾರ್ಮಿಕ್ ಆಸಿಡ್‌ನಲ್ಲಿ ಮೊದಲೇ ಅದ್ದಿ ತೆಗೆದಿದ್ದರೆ ಆಂಟಿಬಾಡಿ ಪ್ರೋಟೀನನ್ನು ಚೆನ್ನಾಗಿ ಹಿಡಿಯುತ್ತದೆ, ಸರಿ. ಆದರೆ ಆಂಟಿಬಾಡಿ ಅಂಟಿದ ಜಾಗ ತೋರಿಸಲು ಎಲ್ಲರೂ ಬಳಸುವ ಡಿಎಬಿ ಕೊಡುವುದು ಕಂದು ಬಣ್ಣ, ನೈಗ್ರಾದ ಮೆಲನಿನ್ನೂ ಕಂದು. ಕೋಶದ ಒಳಗಿರುವುದು ಕಾಯಿಲೆಯೋ ಹುಟ್ಟುಬಣ್ಣವೋ? ಅದಕ್ಕೇ ಈ ಜಾಗದ ಸ್ಲೈಡಿಗೆ ನಾನು ಡಿಎಬಿ ಬದಲು ಕೆಂಪು ಕ್ರೋಮೋಜೆನ್ (ಬಣ್ಣ ಕೊಡುವ ರಾಸಾಯನಿಕ) ಕೇಳುತ್ತೇನೆ. ಟೆಕ್ನೀಷಿಯನ್ ಗೊಣಗುತ್ತಾರೆ, ಪ್ರತ್ಯೇಕ ರನ್ ಹಾಕಬೇಕಲ್ಲ! ಕೆಂಪಿನಲ್ಲಿ ಉಂಡೆಗಳಷ್ಟೇ ಅಲ್ಲ, ಲೆವಿ ನ್ಯೂರೈಟುಗಳೂ (ಅದೇ ಪ್ರೋಟೀನು ತುಂಬಿದ, ದಾರದೆಳೆಯಂಥ ನರಕೋಶದ ಚಾಚುಗಳು) ಬಿಡಿಬಿಡಿಯಾಗಿ ಕಾಣುತ್ತವೆ.

ಅಷ್ಟಾದರೂ ಪ್ರೋಟೀನು ಸಿಕ್ಕಿತೆಂದು ತೀರ್ಮಾನ ಕೊಡುವಂತಿಲ್ಲ. ಅದು ಯಾವ ಕೋಶದಲ್ಲಿ ಕೂತಿದೆ? ಇದೇ ಸಿನ್ಯೂಕ್ಲಿನ್ ಎಂಎಸ್‌ಎಯಲ್ಲಿ ಮುಖ್ಯವಾಗಿ ಆಲಿಗೊಡೆಂಡ್ರೋಗ್ಲಿಯಾ ಎಂಬ, ನರತಂತುಗಳಿಗೆ ಹೊದಿಕೆ ಕೊಡುವ ಕೋಶಗಳಲ್ಲಿ, ನ್ಯೂಕ್ಲಿಯಸ್‌ಗೆ ಅಂಟಿ ಕುಡುಗೋಲಿನಂತೆ ಬಾಗಿರುತ್ತದೆ. ಪಾಪ್ ಮತ್ತು ಲಾಂಟೋಸ್ 1989ರಲ್ಲಿ ವರದಿ ಮಾಡಿದ್ದು ಇವನ್ನೇ. ಪಿಎಸ್‌ಪಿಯಲ್ಲಿ ಪ್ರೋಟೀನೇ ಬೇರೆ, ಟೌ. ಅಲ್ಲಿ ನಾನು ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಆಸರೆ ಕೋಶಗಳಲ್ಲಿ ಕುಚ್ಚಿನಂಥ ಆಕಾರ ಹುಡುಕುತ್ತೇನೆ.

ಆದ್ದರಿಂದ ಕೇಸ್ ಶೀಟಿನಲ್ಲಿ ಏನೇ ಬರೆದಿರಲಿ, ಮಧ್ಯಮಿದುಳಿನ ಜೊತೆ ಮಿದುಳಿನ ಬೇರೆ ಭಾಗಗಳಾದ ಪಾನ್ಸ್, ಸೆರೆಬೆಲ್ಲಮ್, ಪುಟಾಮೆನ್, ಕಾರ್ಟೆಕ್ಸ್ ಬ್ಲಾಕುಗಳಿಗೂ ಸಿನ್ಯೂಕ್ಲಿನ್, ಟೌ ಎರಡನ್ನೂ ಹಾಕಿಸುತ್ತೇನೆ. ಖರ್ಚು ಜಾಸ್ತಿ ಎಂಬ ತಕರಾರು ಬಂದಾಗ ಎಂಎಸ್‌ಎಯ ಪಾನ್ಸ್ ಸ್ಲೈಡು ತೋರಿಸುತ್ತೇನೆ: ನೈಗ್ರಾ ಒಂದನ್ನೇ ನೋಡಿದ್ದರೆ ಅದಕ್ಕೆ ಪಾರ್ಕಿನ್ಸನ್ ಎಂದೇ ಸಹಿ ಬೀಳುತ್ತಿತ್ತು.