ವಿಜಯಪುರದ ಬಿಸಲಾಗ ರೀಫ್ ಟ್ಯಾಂಕ್ ತಂಪ ಇಟ್ಟಿದ್ದು ಹೆಂಗ

ವಿಜಯಪುರದಾಗ ರೀಫ್ ಟ್ಯಾಂಕ್, ಅಂದ್ರ ಮೀನು ಹವಳ ಸಾಕೂ ಸಮುದ್ರದ ನೀರಿನ ಟ್ಯಾಂಕ್ ಇಟ್ಟೀನಿ ಅಂದ್ರ ಮೊದಲ ಮಂದಿ ನಗ್ತಾರ, ಆಮ್ಯಾಲೆ ಎಲ್ಲಾರೂ ಕೇಳೋದು ಒಂದ, ಮೇ ತಿಂಗಳಾಗ ಏನ್ ಮಾಡ್ತಿ? ಮಂಗಳೂರಿನ ಗೆಳೆಯಾ ಒಬ್ಬಾಂವ ಅದಾನ, ಅವಂದೂ ರೀಫ್ ಟ್ಯಾಂಕ್ ಐತಿ, ಅವಾ ಫೋನ್‌ನ್ಯಾಗ ಹೇಳಿಬಿಟ್ಟ, ಚಿಲ್ಲರ್ ಇಲ್ಲದಿದ್ರೆ ಆಗೂದಿಲ್ಲ ಮಾರಾಯ, ನಿಮ್ಮಲ್ಲಿ 42 ಡಿಗ್ರಿ ಅಲ್ವಾ ಅಂತ. ಚಿಲ್ಲರ್ ಅಂದ್ರ ನೀರು ತಂಪ ಮಾಡೂ ಮಷಿನ್, ಅದರ ರೇಟ್ ಕೇಳಿದೆ. ಟ್ಯಾಂಕು, ಲೈಟು, ಮೀನು ಎಲ್ಲಾ ಕೂಡಿಸಿದ್ರೂ ಅಷ್ಟ ಆಗಿರಲಿಲ್ಲ, ಸುಮ್ನಾದೆ.

ನಂದು ಸಣ್ಣದು. 2 ಅಡಿ ಉದ್ದ, 16 ಇಂಚು ಅಗಲ, 16 ಇಂಚು ಎತ್ತರ, ಕಲ್ಲು ಮರಳು ಬಿಟ್ರ ನೀರು ಸುಮಾರು 85 ಲೀಟರ್. ಒಂದು ಜೋಡಿ ಕ್ಲೌನ್ ಫಿಶ್, ಮೆತ್ತನ್ನ ಕೋರಲ್ (ಹವಳ) ಒಳಗ ಮಶ್ರೂಮ್, ಜೋವಾಂಥಿಡ್, ಒಂದು ಲೆದರ್ ಕೋರಲ್, ಅಷ್ಟ. ಗಟ್ಟಿ ಹವಳದ ಗೊಡವಿಗೆ ಹೋಗಿಲ್ಲ, ನಮ್ಮ ವನ್ಯಜೀವಿ ಕಾಯ್ದೆದಾಗ ಅವು ಹುಲಿ ಇರೋ ಪಟ್ಟಿಯೊಳಗ ಅದಾವ, ಯಾರರ ಮಾರಾಕ ಬಂದ್ರೂ ತಗೋಬ್ಯಾಡ್ರಿ.

ಮೊದಲನೇ ಬ್ಯಾಸಗಿ ಏಪ್ರಿಲ್‌ದಾಗ ಮಧ್ಯಾಹ್ನ ಮೂರಕ್ಕ ನೋಡಿದ್ರ ನೀರು 31.5. ಇದಕ್ಕ 24ರಿಂದ 27 ಇದ್ರ ಚಲೋ, 30 ದಾಟಿದ್ರ ಕೋರಲ್ ಮೈಯಾಗ ಇರೋ ಸಣ್ಣ ಪಾಚಿ, ಅದ ಅದಕ್ಕ ಊಟ ಮಾಡಿ ಹಾಕೋದು, ಅದನ್ನ ಕೋರಲ್ಲ ಹೊರಗ ಹಾಕಾಕ ಶುರು ಮಾಡತೈತಿ, ಆಮ್ಯಾಲೆ ಬೆಳ್ಳಗಾಗಿ ಉಪವಾಸ ಬೀಳತೈತಿ. ಇನ್ನೊಂದು, ಬಿಸಿ ನೀರಾಗ ಆಕ್ಸಿಜನ್ ಕಡಿಮಿ ಕರಗತೈತಿ, ಮೀನು ಮ್ಯಾಲೆ ಬಂದು ಬಾಯಿ ತೆರಿತಾವ. ನಾನು ಗಾಬರಿಯಾಗಿ ಫ್ರಿಜ್‌ನ್ಯಾಗ ಒಂದು ಲೀಟರ್ ಬಾಟ್ಲಿಯೊಳಗ ಬರ್ಫ ಮಾಡಿ ಬಾಟ್ಲಿ ಸಮೇತ ಟ್ಯಾಂಕಿಗೆ ಇಳಿಬಿಟ್ಟೆ. ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚ ಇಳೀತು, ಎರಡು ತಾಸಿಗೆ ಮತ್ತ ಅಲ್ಲೇ ಬಂತು. ನಾಕ ದಿನ ಹಿಂಗ ಇಳಸೋದು ಏರಸೋದು ಮಾಡಿದ ಮ್ಯಾಲೆ ಲೆದರ್ ಕೋರಲ್ ಮುದುಡಿಕೊಂಡು ಕುಂತಿದ್ದು ವಾರಗಟ್ಟಲೆ ಅರಳಲಿಲ್ಲ. ಬಿಸಿಗಿಂತ ಆ ಜೋಕಾಲಿನ ಅದನ್ನ ಕೆಡಿಸಿದ್ದು ಅಂತ ಈಗ ನನಗ ಅನಸತೈತಿ.

ತಲಿ ಓಡಿದ್ದು ಅಡಗಿಮನ್ಯಾಗ. ಅವ್ವ ಮಣ್ಣಿನ ಹರವಿಗೆ ಹಸಿ ಬಟ್ಟಿ ಸುತ್ತಿ ಬಾಗಲದ ಗಾಳಿಗೆ ಇಟ್ಟಿದ್ಲು. ಹೊರಗ 40, ಹರವ್ಯಾಗಿನ ನೀರು ಕುಡದ್ರ ಹಲ್ಲು ಜುಂ ಅಂತಾವ. ಥರ್ಮಾಮೀಟರ್ ಹಾಕಿದೆ, 24.

ಆಗ ಗೊತ್ತಾತು, ಮಂಗಳೂರಿನವ ಹೇಳಿದ್ದು ಅವನ ಊರಿಗೆ ಖರೆ, ನಮ್ಮೂರಿಗಲ್ಲ. ಅಲ್ಲಿ ಗಾಳಿಯೊಳಗ ಆಗಲೇ ನೀರು ತುಂಬಿರತೈತಿ, ಫ್ಯಾನ್ ಹಚ್ಚಿದ್ರೂ ನೀರು ಅಷ್ಟ ಆರೂದಿಲ್ಲ, ನೀರು ಆರಲಿಲ್ಲ ಅಂದ್ರ ತಂಪೂ ಆಗೂದಿಲ್ಲ. ನಮ್ಮ ಕಡೆ ಬಿಸಲು ಜಾಸ್ತಿ ಖರೆ, ಆದ್ರ ಗಾಳಿ ಒಣಾ, ತೊಳದ ಲುಂಗಿ ಅರ್ಧ ತಾಸಿಗೆ ಹಪ್ಪಳ. ಒಂದು ಲೀಟರ್ ನೀರು ಆವಿ ಆಗಬೇಕಂದ್ರ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತುಕೊಂಡು ಹೋಗತೈತಿ, ಅದ ಒಂದು ಲೀಟರ್ ಬರ್ಫ ಕರಗಿ ಟ್ಯಾಂಕಿನ ಬಿಸಿಗೆ ಬರೂತನಕ ಎಳಕೊಳ್ಳೋದು ನೂರರ ಆಸುಪಾಸು. ಅಂದ್ರ ಫ್ರಿಜ್ಜಿಗಿಂತ ನಮ್ಮ ಗಾಳಿನ ಐದು ಪಟ್ಟು ಕೆಲಸ ಮಾಡತೈತಿ, ಅದೂ ಪುಗಸಟ್ಟೆ!

ಹಳೇ ಕಂಪ್ಯೂಟರಿಂದ 12 ವೋಲ್ಟಿನ ಎರಡು ಫ್ಯಾನ್ ತಗದೆ, ನೀರಿನ ಮ್ಯಾಲೆ ಅಡ್ಡ ಗಾಳಿ ಹೋಗೂ ಹಂಗ ಓರಿ ಮಾಡಿ ಅಂಚಿಗೆ ಕಟ್ಟಿದೆ. ಗಾಜಿನ ಮುಚ್ಚಳಾ ತಗದು ಸೊಳ್ಳಿ ಜಾಳಗಿ ಹಾಕೀನಿ, ಇಲ್ಲಾಂದ್ರ ಮೀನು ಜಿಗಿದು ನೆಲಕ್ಕ ಬೀಳತಾವ. ಎಸ್‌ಟಿಸಿ 1000 ಅಂತ ಸಣ್ಣ ಕಂಟ್ರೋಲರ್ ಸಿಗತೈತಿ, ಅದರಾಗ 26 ಸೆಟ್ ಮಾಡಿ ಅರ್ಧ ಡಿಗ್ರಿ ಫರಕ್ ಇಟ್ಟೀನಿ, 26.5 ಆದ್ರ ಫ್ಯಾನ್ ಚಾಲೂ, 26ಕ್ಕ ಬಂದ್. ಲೈಟ್ ಹಗಲಿನಿಂದ ತಗದು ಸಂಜಿ ಆರರಿಂದ ರಾತ್ರಿ ಎರಡರ ತನಕ ಮಾಡಿದೆ, ಮಧ್ಯಾಹ್ನದ ಬಿಸಲು ಲೈಟಿನ ಬಿಸಿ ಎರಡೂ ಕೂಡಬಾರದು ಅಂತ. ಕೋರಲ್‌ಗೇನು ಸೂರ್ಯನ ಟೈಮ್ ಗೊತ್ತಿಲ್ಲ, ದಿನಾ ಒಂದ ಹೊತ್ತಿಗೆ ಬೆಳಕು ಬಂದ್ರ ಸಾಕು. ಟ್ಯಾಂಕನ್ನೂ ಮುಂದಿನ ಸ್ಲ್ಯಾಬಿನ ಖೋಲಿಯಿಂದ ಹಿಂದಿನ ಮ್ಯಾಳಗಿ ಮನಿಗೆ ಒಯ್ದೆ, ಅಲ್ಲಿ ಗ್ವಾಡಿ ಎರಡು ಅಡಿ ದಪ್ಪ, ಮ್ಯಾಲೆ ಮಣ್ಣು. ಗೋಲಗುಮ್ಮಟದೊಳಗ ಬ್ಯಾಸಗ್ಯಾಗ ಹೋದವರಿಗೆ ಬ್ಯಾರೆ ಹೇಳಬೇಕಿಲ್ಲ.

ಆ ವರ್ಷ ಮೇದಾಗ ಹೊರಗ 41 ಇದ್ದಾಗ ನೀರು 27 ದಾಟಲಿಲ್ಲ. ಒಂದು ಸಲ ದಾಟಿತ್ತು, ಅದು ನನ್ನ ಶಾಣ್ಯಾತನ. ಇನ್ನಷ್ಟು ತಂಪಾಗ್ಲಿ ಅಂತ ಖೋಲಿಯೊಳಗ ಏರ್ ಕೂಲರ್ ಇಟ್ಟು ಬಾಗಲಾ ಕಿಡಕಿ ಹಾಕಿದೆ, ಸಂಜಿ ನೋಡಿದ್ರ 28.8, ಫ್ಯಾನ್ ಮಾತ್ರ ಗರಗರ ತಿರಗಾಕತ್ತಾವ. ಕೂಲರ್ ಖೋಲಿತುಂಬ ಹಸಿ ಗಾಳಿ ತುಂಬಿ ನಮ್ಮನಿಯನ್ನ ಮಂಗಳೂರು ಮಾಡಿಬಿಟ್ಟಿತ್ತು. ಕಿಡಕಿ ತೆರದಿಡ್ರಿ.

ಇನ್ನ ಇದರ ಖರ್ಚು. ಖರ್ಚಂದ್ರ ನೀರು. ಬ್ಯಾಸಗ್ಯಾಗ ದಿನಾ 3 ಲೀಟರ್ ಆರಿ ಹೋಗತೈತಿ, ಹೋಗೋದು ನೀರಷ್ಟ, ಉಪ್ಪು ಅಲ್ಲೇ ಉಳೀತೈತಿ. ಉಪ್ಪು ಸಾವಿರಕ್ಕ 35 ಪಾಲು ಇದ್ದದ್ದು ಒಂದ ದಿನಕ್ಕ 36 ದಾಟತೈತಿ, ನಾಕ ದಿನ ಬಿಟ್ರ 40ಕ್ಕ ಬರತೈತಿ. ಹಂಗಂತ ಉಪ್ಪಿನ ನೀರು ಹಾಕಬಾರದು, ಸಪ್ಪ ನೀರ ಹಾಕಬೇಕು, ಅದೂ ಬೋರಿಂದಲ್ಲ, ನಮ್ಮ ಬೋರಿನ ನೀರಿನ ಗಡಸು ಕುಕ್ಕರಿನ ತಳಾ ನೋಡಿದ್ರ ಗೊತ್ತಾಗತೈತಿ. ಆರ್‌ಒ ಫಿಲ್ಟರ್ ಆದ ಮ್ಯಾಲೆ, ಉಳಿದ ಲವಣ ಹಿಡಿಯೂ ಡಿಐ ರೆಸಿನ್ ದಾಟಿಸಿ ಟಿಡಿಎಸ್, ಅಂದ್ರ ನೀರಾಗ ಕರಗಿದ ಲವಣದ ಅಳತಿ, ಸೊನ್ನೆ ಮಾಡಿ ಹಾಕ್ತೀನಿ. ಮೊದಲ ಆಳಸತನ ಮಾಡಿ ಮೂರು ದಿನದ್ದು 9 ಲೀಟರ್ ಒಮ್ಮೆಲೆ ಸುರವಿದ್ದೆ, ಜೋವಾಂಥಿಡ್ ಎಲ್ಲಾ ಬಾಯಿ ಮುಚ್ಚಿದ್ದು. ಈಗ ಕ್ಯಾನಿಗೆ ಸಲಾಯಿನ್ ಪೈಪ್ ಹಚ್ಚಿ ಹನಿ ಹನಿ ಬಿಡ್ತೀನಿ, ಗಾಲಿ ತಿರವಿ ಎಷ್ಟು ಬೇಕೋ ಅಷ್ಟು, ಟ್ಯಾಂಕಿನ ಗಾಜಿಗೆ ಮಾರ್ಕರಿಲೆ ಗೆರಿ ಹೊಡದೀನಿ, ನೀರು ಗೆರಿ ಮ್ಯಾಲೆ ಬಂದ್ರ ಬಂದ್ ಮಾಡು ಅಂತ ಅವ್ವಗ ಹೇಳೀನಿ. ಹರವಿಗೆ ನೀರು ಹಾಕೂಮುಂದ ಇದನ್ನೂ ನೋಡ್ತಾಳ.

ಕರೆಂಟ್ ಹೋದ್ರ ಫ್ಯಾನೂ ನೀರು ಸುತ್ತಸೂ ಪಂಪೂ ಎರಡೂ ಇನ್ವರ್ಟರ್ ಮ್ಯಾಲೆ ಅದಾವ, ಎರಡೂ ಕೂಡಿ 20 ವ್ಯಾಟ್ ಆಗೂದಿಲ್ಲ, ಮೇದಾಗ ಗಾಳಿಮಳಿಗೆ ರಾತ್ರಿಯೆಲ್ಲಾ ಕರೆಂಟ್ ಇಲ್ಲದಾಗೂ ನಡೀತು. ಚಿಲ್ಲರ್ ಇದ್ದಿದ್ರ ಇನ್ವರ್ಟರ್ ಎರಡು ತಾಸಿಗೆ ಮಕಾಡಿ ಮಲಗ್ತಿತ್ತು. ಡಿಸೆಂಬರ್ ರಾತ್ರಿ ಇಲ್ಲಿ 14, 15ಕ್ಕ ಇಳೀತೈತಿ, ಅದಕ 100 ವ್ಯಾಟ್ ಹೀಟರ್ ಅದ ಕಂಟ್ರೋಲರಿಗೇ ಹಚ್ಚೀನಿ, ಅದರಾಗೇನು ಹೇಳೂವಂಥದ್ದಿಲ್ಲ.

ಒಂದು ಮಾತ್ರ ತಪ್ಪಸಾಕ ಆಗಿಲ್ಲ. ಸಣ್ಣ ಹನಿ ಸಿಡಿದು ಅದರಾಗಿನ ಉಪ್ಪು ಫ್ಯಾನಿನ ಬೇರಿಂಗ್‌ನ್ಯಾಗ ಕುಂದ್ರತೈತಿ, ವರ್ಷದೊಳಗ ಕಿರ್ ಅಂತ ನಿಂತ ಬಿಡತಾವ. ಬೋರ್ಡಿನ ಮ್ಯಾಲೂ ಬಿಳೀ ಪುಡಿ ಕೂಡತೈತಿ, ಒಮ್ಮೆ ಚಟಚಟ ಅಂದು ಸುಟ್ಟ ವಾಸನಿ ಬಂದಿಂದ ಬೋರ್ಡನ್ನ ಟ್ಯಾಂಕಿಗಿಂತ ಎತ್ತರಕ್ಕ ಗ್ವಾಡಿಗೆ ಹೊಡದೀನಿ, ವೈರು ಕೆಳಗ ಜೋತು ಬಿದ್ದು ಮತ್ತ ಮ್ಯಾಲೇರೂ ಹಂಗ ಬಿಟ್ಟೀನಿ, ನೀರು ಹನಿ ವೈರ್ ಹಿಡಿದು ಬಂದ್ರೂ ಕೆಳಗ ಉದರತೈತಿ. ಫ್ಯಾನು ಗುಜರಿ ಅಂಗಡ್ಯಾಗ ಕಿಲೋ ಲೆಕ್ಕದಾಗ ಸಿಗತಾವ, ಫೆಬ್ರುವರಿ ಬಂತಂದ್ರ ಹೋಗಿ ನಾಕ ತಂದಿಡ್ತೀನಿ.