ವಾರ್ಡ್ ಕಮಿಟಿಲಿ ಕೂತು ಕೆಲಸ ಮಾಡಿಸುದು ಹೇಗೆ?

ಜೂನ್ ಬಂತು ಅಂದ್ರೆ ನಮ್ಮ ಮನೆ ಹಿಂದಿನ ತೋಡು ಉಕ್ಕಿ ಅಂಗಳಕ್ಕೇ ಬರ್ತದೆ, ನಾವು ಕಾರ್ಪೊರೇಟರಿಗೆ ಫೋನ್ ಮಾಡುದು, ಅವ್ರು ಇಂಜಿನಿಯರಿಗೆ ಮಾಡುದು, ಇಂಜಿನಿಯರ್ ಜೆಸಿಬಿ ಸಿಕ್ಕಿಲ್ಲ ಅನ್ನುದು, ಅಷ್ಟರಲ್ಲಿ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಬಂದು ಮಳೆಯೇ ಕಮ್ಮಿ ಆಗಿರ್ತದೆ. ಹಳ್ಳಿಯಲ್ಲಾದ್ರೆ ಗ್ರಾಮಸಭೆ ಉಂಟು, ಎದ್ದು ನಿಂತು ಕೇಳ್ಬಹುದು. ಸಿಟಿಯವರಿಗೆ ಎಂತ ಉಂಟು ಅಂತ ಕೇಳಿದ್ರೆ ವಾರ್ಡ್ ಕಮಿಟಿ ಉಂಟು ಮಾರಾಯ್ರೆ, ಬಳಸುವವರು ಕಮ್ಮಿ ಅಷ್ಟೆ.

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಬೇಕು ಅಂತ ಅದ್ರಲ್ಲೇ ಬರೆದಿದೆ. ಮಂಗಳೂರಿನ 60 ವಾರ್ಡ್ ಇದಕ್ಕೆ ಬರ್ತದೆ. ಉಡುಪಿ ನಗರಸಭೆ ಮೂರು ಲಕ್ಷಕ್ಕಿಂತ ಸಣ್ಣದು, ಅಲ್ಲಿಗೆ ಈ ಕಡ್ಡಾಯ ಇಲ್ಲ, ಆದ್ರೂ ಕೆಳಗಿನ ಎರಡು ಮೂರು ಉಪಾಯ ಅಲ್ಲಿಯೂ ನಡೀತದೆ. ಅತ್ಲಾಗಿ ತಲಪಾಡಿ ದಾಟಿದ್ರೆ ಕೇರಳ, ಅಲ್ಲಿ 1996ರಲ್ಲೇ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟು ಪಂಚಾಯತು, ನಗರಸಭೆಗಳ ಕೈಗೆ ಕೊಡ್ಲಿಕ್ಕೆ ಹೊರಟ್ರು. ನಮ್ಮಲ್ಲಿ ಮೀಟಿಂಗ್ ಅಂದ್ರೆ ಇನ್ನೂ ಚಾ ಬಿಸ್ಕೀಟು.

ಸೇರುದು ಹೇಗೆ? ಕಾರ್ಪೊರೇಟರೇ ಅಧ್ಯಕ್ಷರು, ಅವರ ಜೊತೆ 10 ಜನ ಸದಸ್ಯರು: ಮೂವರು ಹೆಂಗಸರು, ಇಬ್ಬರು ಎಸ್‌ಸಿ ಎಸ್‌ಟಿಯವರು, ಇಬ್ಬರು ನೋಂದಣಿ ಆದ ಸಂಘಗಳ ಪ್ರತಿನಿಧಿಗಳು, ಉಳಿದವರು ಬೇರೆಯವರು. ಅರ್ಜಿ ಕರೆದಾಗ ಹಾಕ್ಬೇಕು, ವೋಟರ್ ಲಿಸ್ಟಲ್ಲಿ ನಿಮ್ಮ ಹೆಸರು ಅದೇ ವಾರ್ಡಲ್ಲಿ ಉಂಟಾ ಅಂತ ಈಗ್ಲೇ ನೋಡಿಕೊಳ್ಳಿ, ಮನೆ ಬದಲಾಯಿಸಿ ನಾಲ್ಕು ವರ್ಷ ಆದ್ರೂ ಹಳೇ ವಿಳಾಸದಲ್ಲೇ ಹೆಸರು ಇಟ್ಟುಕೊಂಡವ್ರು ನಮ್ಮಲ್ಲಿ ಬೇಕಾದಷ್ಟು. ಕಳೆದ ಕಾರ್ಪೊರೇಷನ್ ಎಲೆಕ್ಷನ್ 2019ರ ನವೆಂಬರಲ್ಲಿ ಆದದ್ದು, ಹೊಸ ಕೌನ್ಸಿಲ್ ಬಂದಾಗ ಕಮಿಟಿಯೂ ಹೊಸತಾಗ್ತದೆ, ಹಾಗಾಗಿ ತಯಾರಿ ಮೊದಲೇ ಬೇಕು.

ಎರಡನೇದು ನಡೆಯುದು. ಮೀಟಿಂಗಿಗೆ ಒಂದು ವಾರ ಮೊದಲು ಬೆಳಿಗ್ಗೆ ವಾರ್ಡ್ ಸುತ್ತಿ, ಮೊಬೈಲಲ್ಲಿ ಫೋಟೋ ತೆಗೀರಿ, ಕಂಬದ ಮೇಲೆ ನಂಬರ್ ಇರ್ತದೆ ಅದನ್ನೂ ಬರ್ಕೊಳ್ಳಿ. "ನಮ್ಮ ರಸ್ತೆಯಲ್ಲಿ ಲೈಟಿಲ್ಲ" ಅಂದ್ರೆ ಯಾರೂ ಹುಡುಕಿಕೊಂಡು ಬರುದಿಲ್ಲ, ಕಂಬದ ನಂಬರ್ ಕೊಟ್ರೆ ಲೈನ್‌ಮ್ಯಾನಿಗೂ ಸುಲಭ.

ಇನ್ನು ಮುಖ್ಯ ವಿಷಯ, ನಡಾವಳಿ, ಅಂದ್ರೆ ಮೀಟಿಂಗಲ್ಲಿ ಆದದ್ದನ್ನು ಪುಸ್ತಕದಲ್ಲಿ ಬರೆದಿಡುದು. ನಾನು ಮೊದಲ ಸಲ ಹೋದಾಗ ತೋಡಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ, ಎಲ್ಲರೂ ತಲೆಯಾಡಿಸಿದ್ರು, ನನಗೂ ಒಳ್ಳೆ ಖುಷಿ. ಮುಂದಿನ ತಿಂಗಳು ಪುಸ್ತಕ ಬಿಡಿಸಿ ನೋಡಿದ್ರೆ ಒಂದೇ ಸಾಲು: "ಚರಂಡಿ ಕುರಿತು ಚರ್ಚಿಸಲಾಯಿತು." ಮುಗೀತು! ಚರ್ಚಿಸಲಾಯಿತು ಅಂದ್ರೆ ಯಾರೂ ಏನೂ ಮಾಡ್ಬೇಕಾಗಿಲ್ಲ ಅಂತ ಲೆಕ್ಕ. ಈಗ ನಾನು ಸಾಲನ್ನು ಮನೆಯಲ್ಲೇ ಬರೆದು ತಗೊಂಡು ಹೋಗ್ತೇನೆ: "ಇಂಥ ಮನೆಯಿಂದ ಇಂಥ ಮೋರಿವರೆಗೆ ತೋಡಿನ ಹೂಳನ್ನು ಏಪ್ರಿಲ್ 30ರೊಳಗೆ ತೆಗೆಯಬೇಕು, ಜವಾಬ್ದಾರಿ ಕಿರಿಯ ಇಂಜಿನಿಯರ್." ಜಾಗ, ತಾರೀಕು, ಯಾರು ಮಾಡುದು, ಮೂರೂ ಬೇಕು. ಕಾರ್ಯದರ್ಶಿಯಾಗಿ ಕಾರ್ಪೊರೇಷನ್ ಅಧಿಕಾರಿ ಒಬ್ರು ಇರ್ತಾರೆ, ಅವರ ಹತ್ರ ಮೀಟಿಂಗ್ ಮುಗಿಯುವ ಮೊದಲೇ ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ. ಸ್ವಲ್ಪ ಹಠಮಾರಿ ಅಂತ ಹೆಸರು ಬರ್ತದೆ, ಬರ್ಲಿ.

ಮತ್ತೆ ಹಣದ ವಿಷಯ. ವಾರ್ಡ್ ಅಭಿವೃದ್ಧಿ ಯೋಜನೆ ಮಾಡುದು ಕಮಿಟಿಯ ಕೆಲಸವೇ, ಕಾನೂನಲ್ಲಿ ಉಂಟು. ಹೊಸ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಬಜೆಟ್ ಅದಕ್ಕಿಂತ ಮೊದಲೇ ಆಗ್ತದೆ, ಹಾಗಾಗಿ ಮಾರ್ಚಲ್ಲಿ ಪಟ್ಟಿ ಹಿಡ್ಕೊಂಡು ಹೋದ್ರೆ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. ದೀಪಾವಳಿ ಕಳೆದ ಕೂಡ್ಲೇ ಕೂತ್ಕೊಳ್ಳಿ. ಪಟ್ಟಿಯಲ್ಲಿ ನಲ್ವತ್ತು ಬೇಡಿಕೆ ಬೇಡ, ಐದು ಸಾಕು.

ನಡಾವಳಿಯಲ್ಲಿ ಬರೆಸಿದ್ರೂ ಆಗದಿದ್ರೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ 150 ಪದದೊಳಗೆ ಒಂದೇ ವಿಷಯ ಕೇಳ್ಬೇಕು, 30 ದಿನದಲ್ಲಿ ಉತ್ತರ ಬರ್ಬೇಕು. ಯಾಕೆ ಮಾಡಿಲ್ಲ ಅಂತ ಕೇಳ್ಬೇಡಿ, ಇಂಥ ತಾರೀಕಿನ ನಡಾವಳಿಯ ಇಂಥ ತೀರ್ಮಾನದ ಮೇಲೆ ಆದ ಕ್ರಮದ ದಾಖಲೆಯ ಪ್ರತಿ ಕೊಡಿ ಅಂತ ಕೇಳಿ. ಉಡುಪಿಯವರೂ ನಗರಸಭೆಗೆ ಹೀಗೇ ಹಾಕ್ಬಹುದು.

ನಮ್ಮ ತೋಡಿಗೆ ಜೆಸಿಬಿ ಬಂತು ಕಡೆಗೆ, ಏಪ್ರಿಲಲ್ಲೇ ಬಂತು. ಹೂಳು ತೆಗೆದು ಪೂರ್ತಿ ದಡದ ಮೇಲೇ ರಾಶಿ ಹಾಕಿ ಹೋದ್ರು, ಮೊದಲ ಮಳೆಗೆ ಅರ್ಧ ವಾಪಸ್ ಒಳಗೆ. ಈ ಸಲದ ಸಾಲಲ್ಲಿ "ತೆಗೆದು ಸಾಗಿಸಬೇಕು" ಅಂತ ಸೇರಿಸಿದ್ದೇನೆ.