ಕಾಫಿ ತೋಟದಲ್ಲಿ ಕಣ್ಣು ನೋಡಲು ಹೋಗಿ

ಚಿಕ್ಕಮಗಳೂರಿನಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಪವರ್ ನೋಡಿ ಕನ್ನಡಕ ಬರೆದುಕೊಡುವ ಕೆಲಸ. ಡಾಕ್ಟರ್ ಅಲ್ಲ, ಆದರೂ ಎಲ್ಲರೂ ಹಾಗೇ ಕರೆಯುತ್ತಾರೆ. ಕಾಫಿ ಕೊಯ್ಲಿನ ದಿನಗಳಲ್ಲಿ ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಿಗೆ ಹೋಗಿ ಕೆಲಸದವರ ಕಣ್ಣು ನೋಡುವುದುಂಟು.

ಮೊದಲ ವರ್ಷವೇ ಎಡವಿದೆ. 60 ದಾಟಿದ ಒಬ್ಬ ಅಕ್ಕ, 'ಹತ್ತಿರದ್ದೆಲ್ಲಾ ಮಂಜು ಮಂಜು' ಅಂದರು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಪೊರೆಯೂ ಇರಲಿಲ್ಲ. ಬರೀ ಚಾಳೀಸು. 40 ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿಗಿಯಾಗುತ್ತಾ ಹೋಗುತ್ತದೆ, ಹತ್ತಿರದ್ದಕ್ಕೆ ಹೊಂದಿಕೊಳ್ಳುವುದಿಲ್ಲ. ಕೈಗೆ ಓದುವ ಕಾರ್ಡ್ ಕೊಟ್ಟು ನೋಡಿ ಪ್ಲಸ್ 2.50 ಬರೆದೆ. ಆಮೇಲೊಂದು ದಿನ ಹೋದರೆ ಕನ್ನಡಕ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದರು.

'ನಿಮ್ಮ ಕಾರ್ಡ್ ಚೆನ್ನಾಗಿ ಕಾಣುತ್ತೆ ಡಾಕ್ಟ್ರೇ, ಹಣ್ಣು ಕಾಣಲ್ಲ. ನಂಗೆ ಓದೋಕೆ ಬರಲ್ವಲ್ಲ!'

ಅವತ್ತು ಸಂಜೆ ತೂಕದ ಹೊತ್ತಿನವರೆಗೂ ಅಲ್ಲೇ ನಿಂತೆ. ಅಕ್ಕ ಗೋಣಿ ಹಾಸಿ, ಹಣ್ಣು ಸುರಿದು, ಕಾಲು ಚಾಚಿ ಕೂತು ಹಸಿರು ಕಾಯಿ ಆರಿಸುತ್ತಿದ್ದರು. ಕಣ್ಣಿನಿಂದ ಗೋಣಿಗೆ ಟೇಪ್ ಹಿಡಿದೆ. 65 ಸೆಂ.ಮೀ.! ನಾನು ಕೊಟ್ಟಿದ್ದು 40 ಸೆಂ.ಮೀ.ಗೆ ಹೊಂದುವ ಪವರ್. 1.50ಕ್ಕೆ ಇಳಿಸಿದ ಮೇಲೆ ಅವರ ಬೆರಳು ತಡವರಿಸಲಿಲ್ಲ. ಅಂದಿನಿಂದ ಟೈಲರ್ ಟೇಪ್ ಒಂದು ನನ್ನ ಬ್ಯಾಗಿನಲ್ಲೇ ಇರುತ್ತದೆ. ಮೊದಲು ಕೇಳುವುದು ಕೆಲಸ ಏನು ಅಂತ.

ಇನ್ನೊಂದು ಜನವರಿಯಲ್ಲಿ ಒಬ್ಬರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಕಾಫಿ ರೆಕ್ಕೆ, ಅಂದರೆ ಗಿಡದ ಕೊಂಬೆ, ಕಣ್ಣಿಗೆ ಹೊಡೆದು ನಾಲ್ಕು ದಿನವಾಗಿತ್ತು. ಟಾರ್ಚ್ ಹಾಕಿದೆ. ಕರಿಗುಡ್ಡೆ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಗಿಡದ ಕಡ್ಡಿ ತಾಗಿದ ಗಾಯಕ್ಕೆ ಫಂಗಸ್ ಹಿಡಿಯುವ ಭಯ ಜಾಸ್ತಿ. ಏನಾದ್ರೂ ಹಾಕಿದ್ರಾ ಅಂದರೆ ಜೇಬಿನಿಂದ ಒಂದು ಬಾಟಲಿ ತೆಗೆದರು. ಅವರ ತಾಯಿಯ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್, ಸ್ಟೀರಾಯ್ಡ್ ಇರುವುದು. ಅದು ಕೆಂಪು ಇಳಿಸಿ ಸುಮ್ನೆ ಸಮಾಧಾನ ಕೊಡುತ್ತದೆ, ಒಳಗೆ ಫಂಗಸ್ ಬೆಳೆಯಲು ಬಿಡುತ್ತದೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಆಗಲೇ ಜೀಪಿನಲ್ಲಿ ಕಣ್ಣಿನ ಆಸ್ಪತ್ರೆಗೆ ಕಳಿಸಿದೆ.

ಬಾಟಲಿ ಯಾವಾಗ ತೆರೆದಿದ್ದು ಅಂತ ಕೇಳಿದರೆ, ದೀಪಾವಳಿಗೆ ಅಂದರು. ತೆರೆದು ತಿಂಗಳಾದ ಮೇಲೆ ಡ್ರಾಪ್ಸ್ ಬಿಸಾಡಬೇಕು. ನಾನು ಇಸಿದುಕೊಂಡು ಬ್ಯಾಗಿಗೆ ಹಾಕುತ್ತಿದ್ದರೆ, ಜೀಪು ಹತ್ತಿದವರು ಒಂದೇ ಕಣ್ಣು ಬಿಟ್ಟು ನೋಡಿದರು.

'ಅದ್ರಲ್ಲಿ ಇನ್ನೂ ಅರ್ಧ ಇದೆ ಅಲ್ವಾ ಸಾರ್?'